ಪದಚರ್ಚೆ: ಬೈಜಾಂಟಿನ್ ನಾಣ್ಯವೋ, ಪೂರ್ವ ರೋಮನ್ ನಾಣ್ಯವೋ?

ಪ್ರಶ್ನೆ:
ನಾಣ್ಯ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅವು ಅಚ್ಚಿಗೆ ಹೋಗಬೇಕು. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನ ನಿಧಿಯಲ್ಲಿ ದೊರೆತಂಥ, ಚಕ್ರವರ್ತಿ ಎರಡನೆಯ ಥಿಯೊಡೋಸಿಯಸನ (ಆಳ್ವಿಕೆ 408–450) ಚಿನ್ನದ ನಾಣ್ಯವೊಂದನ್ನು ಇಂಗ್ಲಿಷ್ ಫಲಕವು ‘ಬೈಜಾಂಟಿನ್ ಸಾಲಿಡಸ್’ ಎಂದು ಕರೆದಿದೆ. ಅದನ್ನೇ ಉಳಿಸಿಕೊಳ್ಳಬೇಕೆ, ‘ಪೂರ್ವ ರೋಮನ್’ ಎನ್ನಬೇಕೆ? ‘ಬೈಜಾಂಟೈನ್’, ‘ಬಿಜಾಂಟಿಯನ್’ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದರಿಂದ ಸರಿಯಾದ ರೂಪವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಕಾಗುಣಿತದ ಮಾತು ಆಮೇಲಿರಲಿ, ಆ ಹೆಸರೇ ಇಲ್ಲಿ ಸಲ್ಲದು. 1453ರ ಮೇ 29ರಂದು ರೋಮನ್ ಸಾಮ್ರಾಜ್ಯದ ಪೂರ್ವ ಭಾಗದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಆಟೋಮನ್ ತುರ್ಕರ ಕೈಸೇರುವವರೆಗೂ ಅಲ್ಲಿನ ಗ್ರೀಕ್ ನುಡಿಯ ಜನ ತಮ್ಮನ್ನು ‘ರೊಮೇಯಿ’, ಅಂದರೆ ರೋಮನರು, ಎಂದೇ ಕರೆದುಕೊಳ್ಳುತ್ತಿದ್ದರು. ಬೈಜಾಂಟಿಯನ್ ಎಂಬುದು 330ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಹೊಸ ರಾಜಧಾನಿಯನ್ನು ಪ್ರತಿಷ್ಠಾಪಿಸಿದ ಜಾಗದಲ್ಲಿದ್ದ ಹಳೆಯ ಊರಿನ ಹೆಸರು. ಅದನ್ನು ಇಡೀ ಸಾಮ್ರಾಜ್ಯಕ್ಕೆ ಅಂಟಿಸುವ ರೂಢಿಗೆ ನಾಂದಿಯಾದದ್ದು ಜರ್ಮನ್ ವಿದ್ವಾಂಸ ಹೈರೊನಿಮಸ್ ವೋಲ್ಫ್ 1557ರಲ್ಲಿ ಅಚ್ಚು ಹಾಕಿಸಿದ ಇತಿಹಾಸ ಸಂಕಲನ, ಅಂದರೆ ಆ ಸಾಮ್ರಾಜ್ಯ ಅಳಿದು ನೂರು ವರ್ಷ ಕಳೆದ ಮೇಲೆ.

ನಾಣ್ಯವನ್ನೇ ಕಣ್ಣಿಟ್ಟು ನೋಡಿ. ಅದರ ಮೇಲಿನ ಬರಹ ಲ್ಯಾಟಿನ್, ಗ್ರೀಕ್ ಅಲ್ಲ. ಹಿಂಬದಿಯ ಕೆಳತುದಿಯಲ್ಲಿರುವ ‘ಕೊನೊಬ್’ ಎಂಬ ಮುದ್ರೆ ಇದು ಕಾನ್‌ಸ್ಟಾಂಟಿನೋಪಲ್‌ನ ಅಪರಂಜಿ ಎಂದು ಸಾರುತ್ತದೆ. ಅದನ್ನು ಹೊಯ್ದ ಕಾಲಕ್ಕೆ ಪಶ್ಚಿಮದಲ್ಲಿ ಇನ್ನೊಬ್ಬ ಚಕ್ರವರ್ತಿ ರಾವೆನ್ನಾದಲ್ಲಿ ಕುಳಿತು ಆಳುತ್ತಿದ್ದನು, ಮತ್ತು ಪೂರ್ವದ ಚಕ್ರವರ್ತಿ ಹೆರಾಕ್ಲಿಯಸನು ‘ಬಸಿಲೆಯುಸ್’ (ಅರಸ) ಎಂಬ ಗ್ರೀಕ್ ಬಿರುದನ್ನು ಅಧಿಕೃತವಾಗಿ ಧರಿಸಲು (629) ಇನ್ನೂ ಸುಮಾರು ಎರಡು ಶತಮಾನ ಬಾಕಿಯಿತ್ತು. ‘ಪೂರ್ವ ರೋಮನ್’ ಎಂದು ಬರೆದು ಮುಗಿಸಿ.

ಉತ್ತರ 2:
‘ಪೂರ್ವ’ ಎಂದರೆ ಕನ್ನಡದ ಓದುಗನಿಗೆ ‘ಹಿಂದಿನ’ ಎಂದೂ ಹೊಳೆಯುತ್ತದೆ. ಪೂರ್ವಜನ್ಮ, ಪೂರ್ವಾಶ್ರಮಗಳ ಸಾಲಿನಲ್ಲಿ ‘ಪೂರ್ವ ರೋಮನ್’ ನಿಂತರೆ ರೋಮಿಗಿಂತ ಹಳೆಯದೇನೋ ಎಂದು ತಿಳಿದಾನು. ‘ಮೂಡಣ’ ಎಂಬ ಅಚ್ಚಗನ್ನಡ ಪದವಿರುವಾಗ ಸಂಸ್ಕೃತದ ಮುಂದೆ ಕೈಯೊಡ್ಡುವುದೇಕೆ? ‘ಸಾಲಿಡಸ್’ ಕೂಡ ಬೇಡ, ‘ಹೊನ್ನು’ ಎನ್ನಿ. ‘ರೋಮ ಸಾಮ್ರಾಜ್ಯ’ ಎಂದು ಮಾತ್ರ ಬರೆಯಬೇಡಿ, ಕೂದಲಿನ ಸಾಮ್ರಾಜ್ಯವಾದೀತು.

ಉತ್ತರ 3:
ಹೊನ್ನು ಏಕೆ? ‘ದೀನಾರ’ ನಮ್ಮಲ್ಲಿ ಆಗಲೇ ಇದೆ. ರೋಮಿನ ‘ದೆನಾರಿಯುಸ್’ ಸಂಸ್ಕೃತಕ್ಕೆ ದೀನಾರವಾಗಿ ಬಂದು ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಸಂದಿತು. ಅರಬರು ತಮ್ಮ ದೀನಾರವನ್ನು ಹೊಯ್ದಾಗ ಎದುರಿಗಿಟ್ಟುಕೊಂಡ ಮಾದರಿಯೂ ಈ ಸಾಲಿಡಸ್ಸೇ. ನಾಡಿಗೂ ‘ರೂಮ್’ ಎಂಬ ಹೆಸರು ಸಿದ್ಧವಾಗಿದೆ, ಅರಬ್ಬಿಯಲ್ಲಿ ರೋಮಿನ ಹೆಸರದು. 1071ರ ಮಾಂಜಿಕರ್ಟ್ ಕಾಳಗದಲ್ಲಿ ಈ ಸಾಮ್ರಾಜ್ಯವನ್ನು ಸೋಲಿಸಿ ಅನಟೋಲಿಯಾದಲ್ಲಿ (ಇಂದಿನ ತುರ್ಕಿ) ನೆಲೆಯೂರಿದ ಸೆಲ್ಜುಕ್ ತುರ್ಕರು ತಮ್ಮ ರಾಜ್ಯವನ್ನೇ ‘ರೂಮ್’ ಎಂದರು, ಅಲ್ಲಿನ ಕೊನ್ಯಾದಲ್ಲಿ ಬಾಳಿದ ಕವಿ ‘ರೂಮಿ’ಯಾದನು. ಇಂಗ್ಲಿಷಿನ ಎರವಲಿಗೆ ಮಣೆ ಹಾಕಿ ಅರಬ್ಬಿಯದನ್ನು ಹೊಸಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ಉತ್ತರ 1ರವರಿಂದ:
ನ್ಯಾಯದ ಪ್ರಶ್ನೆ ಇದಲ್ಲ, ಫಲಕದ ಪ್ರಶ್ನೆ. ದೆನಾರಿಯುಸ್ ಬೆಳ್ಳಿಯದು, ಸಾಲಿಡಸ್ ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ಹೊಯ್ದ, ಸುಮಾರು ನಾಲ್ಕೂವರೆ ಗ್ರಾಮಿನ ನಾಣ್ಯ. ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿರುವ ದೆನಾರಿಯುಸ್‌ಗಳನ್ನು ಏನೆಂದು ಕರೆಯುತ್ತೀರಿ? ‘ಹೊನ್ನು’ ನಮ್ಮದೇ ಇನ್ನೊಂದು ನಾಣ್ಯದ ಹೆಸರಾದ್ದರಿಂದ ಅದೂ ಆಗದು. ‘ರೂಮ್’ ಎಂದರೆ ನೋಡುಗರು ಕೋಣೆಯನ್ನು ಹುಡುಕುತ್ತಾರೆ. ‘ಮೂಡಣ’ದ ವಾದ ಮಾತ್ರ ಸರಿಯಾಗಿದೆ, ಒಪ್ಪಿದೆ; ಆದರೆ ಶಾಲೆಯ ಪುಸ್ತಕಗಳಲ್ಲಿ ‘ಬೈಜಾಂಟಿನ್’ ಓದಿ ಬಂದವರಿಗಾಗಿ ಆ ಹೆಸರೂ ಒಮ್ಮೆ ಕಾಣಬೇಕು. ಆದ್ದರಿಂದ ಹೀಗೆ ಕಳುಹಿಸಿ: ‘ಸಾಲಿಡಸ್ (ಚಿನ್ನ), ಎರಡನೆಯ ಥಿಯೊಡೋಸಿಯಸ್, ಮೂಡಣ ರೋಮನ್ ಸಾಮ್ರಾಜ್ಯ, ಮುಂದೆ ಬೈಜಾಂಟಿನ್ ಎಂದು ಹೆಸರಾದದ್ದು.’