ಥ್ರಿಲ್ಲರ್ ಬಗ್ಗೆ ಬರೆಯುವಾಗ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಸಂಪಿಗೆ, ಹಾಸನ:
ಎಲ್ಲರಿಗೂ ನಮಸ್ಕಾರ. ನೋಡಿದ ಸಿನಿಮಾ, ಸೀರೀಸ್ ಬಗ್ಗೆ ಫೇಸ್‌ಬುಕ್ಕಲ್ಲಿ ಬರೆಯುವುದು ನನ್ನ ರೂಢಿ. ಹೋದ ತಿಂಗಳು ಎಂಟು ಎಪಿಸೋಡಿನ ಒಂದು ಕೊಲೆ ಕಥೆ ಬಗ್ಗೆ ಬರೆದೆ. ಹೆಸರು ಬೇಡ, ಇಲ್ಲೂ ನೋಡದವರು ಇರುತ್ತಾರೆ. ಕೊಲೆಗಾರ ಯಾರು ಅಂತ ನಾನು ಹೇಳಿರಲಿಲ್ಲ. ಒಬ್ಬ ನಟನ ಬಗ್ಗೆ ಮಾತ್ರ "ಚಿಕ್ಕ ಪಾತ್ರ ಅಂದುಕೊಳ್ಳಬೇಡಿ, ಕಾದು ನೋಡಿ" ಅಂತ ಬರೆದಿದ್ದೆ.

ಅಕ್ಕನ ಮನೆಯಲ್ಲಿ ದಿನಾ ಊಟ ಆದಮೇಲೆ ಎಲ್ಲರೂ ಕೂತು ಒಂದೊಂದೇ ಎಪಿಸೋಡ್ ನೋಡುತ್ತಿದ್ದರು. ಭಾವ ಫೋನ್ ಮಾಡಿ, "ನೀನು ಬರೆದಿದ್ದು ಓದಿ ಎರಡನೇ ದಿನಕ್ಕೇ ಗೊತ್ತಾಗಿಹೋಯ್ತು ಕಣಮ್ಮ" ಅಂದರು. ಬೈಯಲಿಲ್ಲ. ಅದಕ್ಕೇ ಜಾಸ್ತಿ ಬೇಜಾರಾಯಿತು. ಏನೂ ಹೇಳದೆ ಇದ್ದರೆ ವಿಮರ್ಶೆ ಆಗುವುದಿಲ್ಲ, ಹೇಳಿದರೆ ಹೀಗೆ. ನೀವೆಲ್ಲ ಹೇಗೆ ಬರೆಯುತ್ತೀರಿ?

ರಾತ್ರಿ ಆಟ:
"ಟ್ವಿಸ್ಟ್ ಇದೆ" ಅಂತಲೂ ಬರೆಯಬೇಡಿ. ಅಷ್ಟು ಗೊತ್ತಾದರೆ ಸಾಕು, ನೋಡುವವರು ಮೊದಲ ಸೀನಿನಿಂದಲೇ ಎಲ್ಲರ ಮೇಲೂ ಅನುಮಾನ ಪಡುತ್ತಾರೆ. ಕಥೆ ಒಳಗೆ ಹೋಗುವುದೇ ಇಲ್ಲ.

ಹಳೇ ಕ್ಯಾಸೆಟ್ ಅಂಗಡಿ:
ಸಂಪಿಗೆಯವರೇ, ತೊಂಬತ್ತರ ದಶಕದಲ್ಲಿ ನಾನು ದಾವಣಗೆರೆಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಕೌಂಟರ್ ಮುಂದೆ ನಿಂತವರು ಕೇಳುವುದು ಒಂದೇ, "ಹೆಂಗೈತಣ್ಣ?" ಎರಡು ನಿಮಿಷದಲ್ಲಿ ಉತ್ತರ ಹೇಳಬೇಕು. ಕಥೆ ಬಿಟ್ಟುಕೊಟ್ಟರೆ ಮಾರನೇ ದಿನ ಅದೇ ಮನುಷ್ಯ ಕ್ಯಾಸೆಟ್ ವಾಪಸ್ ತಂದು ಮುಖ ಸಿಂಡರಿಸುತ್ತಾನೆ.

'ತರ್ಕ' ನೆನಪಿದೆಯಾ? ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, 1989. ಶಂಕರ್ ನಾಗ್, ದೇವರಾಜ್ ಇದ್ದರು. ಹಾಡೇ ಇಲ್ಲ. ಹಾಡಿಲ್ಲ ಅಂದರೆ ಜನ ಹಿಂದೆ ಮುಂದೆ ನೋಡುತ್ತಿದ್ದರು. ನಾನು, "ಲೈಟ್ ಆರಿಸಿ ನೋಡ್ರಿ, ನಡುವೆ ಚಾ ಕುಡಿಯೋಕೆ ಏಳಬ್ಯಾಡ್ರಿ" ಅನ್ನುತ್ತಿದ್ದೆ. ಕಥೆ ಒಂದು ಅಕ್ಷರ ಹೇಳಲಿಲ್ಲ. ಆದರೂ ಅದು ಎಂಥ ಚಿತ್ರ ಅಂತ ಅವರಿಗೆ ತಿಳಿಯುತ್ತಿತ್ತು.

ಆಗ ಕಲಿತದ್ದನ್ನು ಈಗಲೂ ನಂಬಿದ್ದೇನೆ. ಏನಾಯಿತು ಅಂತ ಹೇಳಬೇಡಿ, ಕೂತು ನೋಡುವಾಗ ನಿಮಗೆ ಏನಾಯಿತು ಅಂತ ಹೇಳಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಎಳೆದಂತಾಯಿತು, ಸೌಂಡ್ ಹೇಗಿತ್ತು. ಕಥೆಯಲ್ಲಿ ಮೊದಲ ಕಾಲು ಗಂಟೆಯಷ್ಟು ನಿಮ್ಮದು, ಉಳಿದದ್ದು ನೋಡುವವರದ್ದು.

ಎಲ್ಲ ಕಥೆಯೂ ಒಂದೇ ಅಲ್ಲ ಅನ್ನುವುದೂ ಮುಖ್ಯ. ರವಿಚಂದ್ರನ್ ನಟಿಸಿದ 'ದೃಶ್ಯ' ತೆಗೆದುಕೊಳ್ಳಿ. ಅಲ್ಲಿ ತಪ್ಪು ಯಾರ ಕೈಯಲ್ಲಿ ಆಯಿತು ಅಂತ ನಾವೇ ಕಣ್ಣಾರೆ ನೋಡುತ್ತೇವೆ. ಆ ಕುಟುಂಬ ಸಿಕ್ಕಿಬೀಳುತ್ತದಾ ಅನ್ನುವುದೇ ಎದೆ ಹಿಡಿಯುವುದು. ಅಲ್ಲಿ ಸ್ವಲ್ಪ ಜಾಸ್ತಿ ಹೇಳಬಹುದು. ಕೊನೆಯ ದೃಶ್ಯ ಮಾತ್ರ ಬಾಯಿ ಬಿಡಬಾರದು.

ಇನ್ನೊಂದು. ಒಳ್ಳೆಯದಾ ಅಲ್ಲವಾ ಅಂತ ತೀರ್ಮಾನಿಸಲು ನಾನು ಎರಡನೇ ಸಲ ನೋಡುತ್ತೇನೆ. ಸುಳಿವುಗಳನ್ನು ನಮ್ಮ ಕಣ್ಣೆದುರೇ ಇಟ್ಟಿದ್ದರಾ? ಇಟ್ಟಿದ್ದರೆ ನಿರ್ದೇಶಕ ನ್ಯಾಯವಾಗಿ ಆಡಿದ್ದಾನೆ. ಕೊನೇ ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಒಬ್ಬನನ್ನು ತಂದು ನಿಲ್ಲಿಸಿದರೆ ಮೋಸ. ಯಾವುದು ಅಂತ ಹೇಳದೆಯೇ ಇದನ್ನು ಬರೆಯಬಹುದು.

ಇಬ್ಬರು ಮಕ್ಕಳ ತಾಯಿ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನನ್ನ ಮಗು ಹದಿನೈದು ದಿನ ಐಸಿಯುನಲ್ಲಿತ್ತು. ಈಗ ಆರಾಮಾಗಿದ್ದಾಳೆ. ಆದರೆ ಮಕ್ಕಳಿಗೆ ಏನಾದರೂ ಆಗುವ ದೃಶ್ಯ ಬಂದರೆ ನನಗೆ ರಾತ್ರಿ ನಿದ್ದೆ ಇಲ್ಲ. ಅಂಥದ್ದು ಇದ್ದರೆ ದಯವಿಟ್ಟು ಹೇಳಿ. ಯಾರು, ಯಾಕೆ ಅಂತ ಬೇಡ. "ಮಗುವಿಗೆ ತೊಂದರೆ ಆಗುವ ದೃಶ್ಯ ಇದೆ" ಅಂತ ಒಂದು ಸಾಲು, ಕೊನೆಯಲ್ಲಿ, ಬೇಕಾದವರು ಓದುವ ಹಾಗೆ.

ಹಳೇ ಕ್ಯಾಸೆಟ್ ಅಂಗಡಿ:
ಅಮ್ಮ, ನಿಮ್ಮ ಮಾತು ಸರಿ. ಇದು ನನಗೆ ಹೊಳೆದಿರಲಿಲ್ಲ.

ಸಂಪಿಗೆ, ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ 'ಕವಲುದಾರಿ' ಬಗ್ಗೆ ಬರೆಯುವುದಿತ್ತು. ಶುರು ಹೀಗೆ ಮಾಡಿದ್ದೇನೆ, ನೋಡಿ ಹೇಳಿ:

"ಶ್ಯಾಮ್ ಟ್ರಾಫಿಕ್ ಎಸ್‌ಐ. ಕ್ರೈಮ್ ವಿಭಾಗಕ್ಕೆ ಹೋಗಬೇಕು ಅಂತ ಅವನ ಆಸೆ. ಬೆಂಗಳೂರಲ್ಲಿ ಮೆಟ್ರೊ ಕೆಲಸಕ್ಕೆ ಅಗೆದ ಜಾಗದಲ್ಲಿ ಮೂವರ ಮೂಳೆ ಸಿಗುತ್ತವೆ. ನಲವತ್ತು ವರ್ಷ ಹಳೆಯವು. ಅದು ಅವನ ಕೇಸಲ್ಲ. ಆದರೂ ಬಿಡಲು ಆಗುತ್ತಿಲ್ಲ. ಅನಂತನಾಗ್ ತೆರೆಗೆ ಬಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವರು ಸುಮ್ಮನಿದ್ದಾಗ ಮಾತಾಡುವುದಕ್ಕಿಂತ ಜಾಸ್ತಿ ಹೆದರಿಕೆ ಆಗುತ್ತದೆ."

ಕೊನೇ ಎರಡು ಸಾಲು ಇಡಲಾ, ತೆಗೆಯಲಾ?

ಹಳೇ ಕ್ಯಾಸೆಟ್ ಅಂಗಡಿ:
ಇಡಿ. ಹಾಕುವ ಮೊದಲು ನಿಮ್ಮ ಭಾವನಿಗೆ ಒಮ್ಮೆ ಓದಿ ಹೇಳಿ.