ರೀಡ್‌ಬ್ಯಾಕ್‌ಗೆ ‘ಒಪ್ಪಿಸು’ ಅಂದರೆ ಸರಿಯಾ?

ಎಲ್ಲರಿಗೂ ನಮಸ್ಕಾರ.

ಪೈಲಟ್ ಮತ್ತು ಎಟಿಸಿ (ನೆಲದಿಂದ ವಿಮಾನಗಳಿಗೆ ಸೂಚನೆ ಕೊಡುವ ವಾಯು ಸಂಚಾರ ನಿಯಂತ್ರಣ) ರೇಡಿಯೋದಲ್ಲಿ ಆಡುವ ಮಾತು ಹೇಗೆ ತಪ್ಪಾಗಿ ತಲುಪುತ್ತದೆ ಅನ್ನುವುದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಕೆಲವು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ಜಾಸ್ತಿ ಕಾಡುತ್ತಿರುವುದು ರೀಡ್‌ಬ್ಯಾಕ್.

ಎಟಿಸಿ ಕೊಟ್ಟ ಸೂಚನೆಯನ್ನು ಪೈಲಟ್ ಸುಮ್ನೆ ಕೇಳಿಸಿಕೊಂಡರೆ ಸಾಲದು. ಎಷ್ಟು ಎತ್ತರ, ಯಾವ ದಿಕ್ಕು, ಯಾವ ರನ್‌ವೇ ಎಲ್ಲವನ್ನೂ ತನ್ನ ಬಾಯಿಂದ ತಿರುಗಿ ಹೇಳಬೇಕು. ಎಟಿಸಿ ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆಗಲೇ ತಿದ್ದಬೇಕು. ಇದಕ್ಕೆ ‘ಪುನರುಚ್ಚಾರ’ ಅಂತ ಮೊದಲು ಬರೆದೆ. ಆದರೆ ಹೇಳಿದವರೇ ಇನ್ನೊಂದು ಸಲ ಹೇಳಿದರೂ ಅದು ಪುನರುಚ್ಚಾರವೇ, ಅಲ್ವಾ? ಇಲ್ಲಿ ಕೇಳಿದವರು ಹೇಳಿದವರಿಗೇ ತಿರುಗಿ ಹೇಳುತ್ತಿದ್ದಾರೆ. ‘ಮರುಪಠಣ’ದಲ್ಲೂ ಅದು ಬರುವುದಿಲ್ಲ.

ಆಮೇಲೆ ಹೊಳೆದದ್ದು ‘ಒಪ್ಪಿಸು’. ಪಾಠ ಒಪ್ಪಿಸು, ಮಗ್ಗಿ ಒಪ್ಪಿಸು ಅನ್ನುತ್ತೇವಲ್ಲ, ಅದು. ಒಪ್ಪಿಸುವಾಗ ಎದುರಿಗೆ ಒಬ್ಬರು ಇರಲೇಬೇಕು. ಅವರು ತಪ್ಪು ಹಿಡಿಯಲಿಕ್ಕೆಂದೇ ಕೇಳುತ್ತಿರುತ್ತಾರೆ. ರೀಡ್‌ಬ್ಯಾಕ್‌ನ ಜೀವ ಇರುವುದೂ ಅಲ್ಲೇ.

1989ರ ಫೆಬ್ರುವರಿ 19ರಂದು ಕೌಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನವೊಂದು ಇಳಿಯಲು ಬರುತ್ತಿತ್ತು. 2,400 ಅಡಿಗೆ ಇಳಿಯಿರಿ ಅನ್ನಲು ಎಟಿಸಿ ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’ ಅಂದಿತು. ಆ ‘ಟೂ’ ಎರಡು ಅನ್ನುವ ಸಂಖ್ಯೆಯಾಗಿ ಪೈಲಟ್‌ಗಳ ಕಿವಿಗೆ ಬೀಳಲಿಲ್ಲ. ಇಂಗ್ಲಿಷಿನಲ್ಲಿ ‘ಕ್ಕೆ’ ಅನ್ನಲು ಬಳಸುವ ‘ಟು’ ಅಂತ ತಿಳಿದರು, ಹಾಗಾಗಿ ನಾನೂರಕ್ಕೆ ಇಳಿಯಿರಿ ಅಂತ ಕೇಳಿಸಿತು. ‘ಓಕೆ, ಫೋರ್ ಜೀರೋ ಜೀರೋ’ ಅಂತ ತಿರುಗಿ ಹೇಳಿದರು. ಅಂದರೆ, ಒಪ್ಪಿಸಿದರು. ತಪ್ಪು ಅಲ್ಲಿ ಬಿಚ್ಚಿ ಬಿದ್ದಿತ್ತು, ಆದರೆ ಯಾರೂ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ತೀರಿಕೊಂಡರು. ಇಂಥ ಎತ್ತರವನ್ನು ‘ಎರಡು ಸಾವಿರದ ನಾನೂರು’ ಅಂತ ಸಾವಿರ, ನೂರು ಸೇರಿಸಿಯೇ ಹೇಳಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ.

ಈ ಘಟನೆಯನ್ನು ಕನ್ನಡಕ್ಕೆ ತರುವಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮಲ್ಲಿ ‘ಕ್ಕೆ’ ಸಂಖ್ಯೆಯ ಕೊನೆಗೆ ಅಂಟಿಕೊಂಡು ಬರುತ್ತದೆ, ಹಾಗಾಗಿ ಈ ಗೊಂದಲ ನಮಗಿಲ್ಲ. ಆದರೆ ನಮ್ಮ ‘ಏಳು’ ನೋಡಿ. ಅದು ಸಂಖ್ಯೆಯೂ ಹೌದು, ಮೇಲೆ ಏಳು ಅನ್ನುವ ಕ್ರಿಯಾಪದವೂ ಹೌದು. ಎತ್ತರದ ಬಗ್ಗೆಯೇ ಮಾತಾಡುವ ಜಾಗದಲ್ಲಿ ಇದು ದೊಡ್ಡ ತೊಡಕು. ಹಾಗಾಗಿ ವಿಮಾನ ಮೇಲಕ್ಕೆ ‘ಏರುತ್ತದೆ’ ಅಂತಲೇ ಬರಹದುದ್ದಕ್ಕೂ ಇಟ್ಟುಕೊಂಡಿದ್ದೇನೆ.

ರೇಡಿಯೋದಲ್ಲಿ ಉತ್ತರವಾಗಿ ಹೇಳುವ ‘ರಾಜರ್’ ಮತ್ತು ‘ವಿಲ್ಕೋ’ ಕೂಡ ಸುಲಭವಿಲ್ಲ. ರಾಜರ್ ಅಂದರೆ ನೀವು ಹೇಳಿದ್ದು ಪೂರ್ತಿ ತಲುಪಿತು, ಅಷ್ಟೇ. ವಿಲ್ಕೋ ಅಂದರೆ ಅರ್ಥವಾಯಿತು, ಹಾಗೇ ಮಾಡುತ್ತೇನೆ. ರಾಜರ್‌ಗೆ ‘ಕೇಳಿದೆ’ ಅಂತ ಬರೆದಿದ್ದೆ, ಹೊಡೆದು ಹಾಕಿದೆ. ಕನ್ನಡದ ‘ಕೇಳು’ ಒಂದೇ ಪದ, ಕಿವಿಯಿಂದ ಕೇಳುವುದು, ಪ್ರಶ್ನೆ ಕೇಳುವುದು, ಹೇಳಿದ ಮಾತು ಕೇಳುವುದು ಎಲ್ಲ ಅದರಲ್ಲೇ ಇದೆ. ‘ಅವನು ನನ್ನ ಮಾತು ಕೇಳಿದ’ ಅಂದರೆ ಕಿವಿಗೆ ಬಿತ್ತು ಅಂತಲ್ಲ, ಅದರಂತೆ ನಡೆದ ಅಂತ. ರಾಜರ್ ಮತ್ತು ವಿಲ್ಕೋ ಬೇರೆ ಬೇರೆ ಇಟ್ಟಿರುವುದೇ ಆ ಎರಡು ಅರ್ಥ ಬೆರೆಯಬಾರದು ಅಂತ. ಸದ್ಯಕ್ಕೆ ರಾಜರ್‌ಗೆ ‘ಕೇಳಿಸಿತು’ ಅಂತ ಹಾಕಿದ್ದೇನೆ. ‘ಕೇಳಿಸು’ ಕಿವಿಯ ಕೆಲಸವನ್ನು ಮಾತ್ರ ಹೇಳುತ್ತದೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ.

ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ದುರಂತದ ಭಾಗವನ್ನು ನಾಲ್ಕೈದು ಸಲ ತಿದ್ದಿದ್ದೇನೆ. 1977ರ ಮಾರ್ಚ್ 27. ಮಂಜು ಕವಿದ ರನ್‌ವೇ. ಒಂದು ತುದಿಯಲ್ಲಿ ಡಚ್ ಕಂಪನಿ ಕೆಎಲ್‌ಎಂನ ಜಂಬೋ ವಿಮಾನ, ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೋ. ಕೆಎಲ್‌ಎಂನ ಸಹ-ಪೈಲಟ್ ರೇಡಿಯೋದಲ್ಲಿ ಸೂಚನೆ ಒಪ್ಪಿಸಿ ಕೊನೆಗೆ ‘ವಿ ಆರ್ ನೌ ಅಟ್ ಟೇಕ್‌ಆಫ್’ ಅಂದರು. ಅಷ್ಟರಲ್ಲಿ ವಿಮಾನ ಓಡಲು ಶುರುಮಾಡಿತ್ತು. ಟೇಕ್‌ಆಫ್ ಜಾಗದಲ್ಲಿ ಕಾಯುತ್ತಿದ್ದಾರೆ ಅಂತ ಎಟಿಸಿ ತಿಳಿಯಿತು. ಸಹ-ಪೈಲಟ್‌ನ ಆ ಮಾತನ್ನು ‘ನಾವೀಗ ಹೊರಟೆವು’ ಅಂತ ಅನುವಾದಿಸಿದ್ದೇನೆ. ‘ಹೊರಟೆ’ ಅಂತ ಫೋನಿನಲ್ಲಿ ಹೇಳಿದವರು ಚಪ್ಪಲಿ ಹಾಕಿಕೊಳ್ಳುತ್ತಿರಬಹುದು, ದಾರಿಯಲ್ಲೂ ಇರಬಹುದು. ಮೂಲದ ಎರಡರ್ಥ ಕನ್ನಡದಲ್ಲೂ ಉಳಿಯಿತು ಅಂತ ನನಗೆ ಅನ್ನಿಸುತ್ತದೆ. ಓದುವವರಿಗೂ ಹಾಗೇ ಅನ್ನಿಸುತ್ತದೆಯಾ?

ಕೆಎಲ್‌ಎಂನ ಆ ಮಾತಿಗೆ ಎಟಿಸಿ ಕೊಟ್ಟ ಉತ್ತರ ‘ಓಕೆ’. ಒಂದು ಕ್ಷಣ ಬಿಟ್ಟು ‘ಕಾಯಿರಿ, ನಾನು ಕರೆಯುತ್ತೇನೆ’ ಅಂದಿತು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಅಂದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಒಂದು ಮಾತು ಇನ್ನೊಂದನ್ನು ಕೆಡಿಸುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ‘ಓಕೆ’ ಸ್ಪಷ್ಟವಾಗಿ ಕೇಳಿಸಿತು, ಆಮೇಲಿನದು ಕೀರಲು ಸದ್ದಿನ ಜೊತೆ ಬಂತು. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ಈ ‘ಓಕೆ’ಗೆ ‘ಸರಿ’ ಹಾಕಬೇಕೋ ‘ಆಯ್ತು’ ಹಾಕಬೇಕೋ? ‘ಬಾಗಿಲು ಹಾಕು’ ಅಂದಾಗ ‘ಆಯ್ತು’ ಅಂತ ಉತ್ತರ ಬಂದರೆ, ಹಾಕುತ್ತೇನೆ ಅಂತಲೋ, ಹಾಕಿ ಆಯ್ತು ಅಂತಲೋ? ನನ್ನ ಒಲವು ‘ಸರಿ’ ಕಡೆಗೆ. ‘ಸರಿ’ಯನ್ನು ಕೇಳಿಸಿತು ಅಂತಲೂ ತಿಳಿಯಬಹುದು, ಅನುಮತಿ ಇದೆ ಅಂತಲೂ ತಿಳಿಯಬಹುದು. ಅಂದು ಆದದ್ದೂ ಅದೇ.

ಕೊನೆಯದು ಕ್ಲಿಯರೆನ್ಸ್, ಅಂದರೆ ಎಟಿಸಿ ಕೊಡುವ ಅನುಮತಿ. ಕೆಎಲ್‌ಎಂಗೆ ಅಂದು ಸಿಕ್ಕಿದ್ದು ಮೇಲೇರಿದ ಮೇಲೆ ಹಿಡಿಯಬೇಕಾದ ದಾರಿಯ ಕ್ಲಿಯರೆನ್ಸ್. ಹೊರಡುವ ಕ್ಲಿಯರೆನ್ಸ್ ಅಲ್ಲ. ಆದರೆ ಆ ಸೂಚನೆಯೊಳಗೆ ‘ಟೇಕ್‌ಆಫ್ ಆದ ಮೇಲೆ ಬಲಕ್ಕೆ’ ಅನ್ನುವ ಮಾತಿತ್ತು. ಹೊರಡಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಟೇಕ್‌ಆಫ್ ಪದ ಬಳಸಬಾರದು ಅನ್ನುವ ನಿಯಮ ಬಂದದ್ದು ಆಮೇಲೆಯೇ. ಬೇರೆ ಕಡೆಯೆಲ್ಲ ‘ಡಿಪಾರ್ಚರ್’.

ದಾರಿಯದು, ಹೊರಡುವುದು, ಈ ಎರಡೂ ಕ್ಲಿಯರೆನ್ಸ್‌ಗೆ ‘ಅನುಮತಿ’ ಅಂತ ಬರೆದರೆ ಓದುಗರೂ ಅದೇ ಗೊಂದಲಕ್ಕೆ ಬೀಳುತ್ತಾರೆ. ಅದಕ್ಕೆ ‘ದಾರಿಯ ಒಪ್ಪಿಗೆ’ ಮತ್ತು ‘ಹೊರಡುವ ಅಪ್ಪಣೆ’ ಅಂತ ಬೇರೆ ಮಾಡಿದೆ. ಈಗ ‘ಪೈಲಟ್ ಒಪ್ಪಿಗೆಯನ್ನು ಒಪ್ಪಿಸಿದರು’ ಅನ್ನುವಂಥ ವಾಕ್ಯಗಳು ಬರುತ್ತಿವೆ. ‘ಒಪ್ಪಿಸು’ವನ್ನು ಬಿಡಲು ನನಗೆ ಮನಸ್ಸಿಲ್ಲ. ‘ಒಪ್ಪಿಗೆ’ಯ ಜಾಗಕ್ಕೆ ಏನು ಹಾಕಲಿ?