ಸಮಸ್ಯಾಪೂರಣ: ‘ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ’

ಸಮಸ್ಯೆ ಕೊಟ್ಟವರು, ಮಡಿಕೇರಿ:

ಈ ಬಾರಿಯ ಸಮಸ್ಯೆ ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು. ಅಸಂಬದ್ಧವಾಗಿ ತೋರುವ ಈ ಸಾಲಿಗೆ ಹಿಂದಿನ ಮೂರು ಸಾಲು ಕಟ್ಟಿ ಅರ್ಥ ಕೂಡಿಸಬೇಕು. ‘ನಿಧಿಯನ್ನು ಕಾಯುವ ಪುರುಷಮೃಗವೇ ಕಳ್ಳನಂತೆ’ ಎಂಬುದು ಇದರ ಅರ್ಥ.

ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ

ಹಿನ್ನೆಲೆಗೆ ಒಂದು ಕಲ್ಪಿತ ಲೋಕವಿರಲಿ. ಕುಬೇರನಲ್ಲಿ ಶಂಖ, ಪದ್ಮ, ಮಕರ ಮೊದಲಾದ ನವನಿಧಿಗಳಿವೆಯೆಂದು ಪುರಾಣಗಳು ಹೇಳುತ್ತವೆ. ಆ ಒಂಬತ್ತು ಭಂಡಾರಗಳ ಬಾಗಿಲಲ್ಲೂ ಮನುಷ್ಯನ ಮುಖ, ಸಿಂಹದ ಮೈಯುಳ್ಳ ಪುರುಷಮೃಗವೊಂದು ಕಾವಲು ಕುಳಿತಿದೆ ಎಂಬುದು ಮಾತ್ರ ನನ್ನ ಸೇರ್ಪಡೆ. ಗ್ರೀಕರ ಸ್ಫಿಂಕ್ಸ್ ಥೀಬ್ಸ್ ನಗರದ ದಾರಿಯಲ್ಲಿ ಒಗಟು ಕೇಳಿ, ಉತ್ತರ ತಿಳಿಯದವರನ್ನು ತಿನ್ನುತ್ತಿತ್ತೇ ಹೊರತು ಹೊನ್ನನ್ನು ಕಾಯುತ್ತಿರಲಿಲ್ಲ. ಹೊನ್ನಿನ ಕಾವಲನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್‌ಗಳಿಗೆ ವಹಿಸುತ್ತಾನೆ. ಈಜಿಪ್ಟಿನ ಗೀಜಾದಲ್ಲಿ ಮಲಗಿರುವ ಸುಮಾರು 73 ಮೀಟರ್ ಉದ್ದದ ಸುಣ್ಣಕಲ್ಲಿನ ಸ್ಫಿಂಕ್ಸ್ ವಿಗ್ರಹಕ್ಕೆ ಒಗಟಿನ ಗೊಡವೆಯೇ ಇಲ್ಲ. ನಮ್ಮ ಪುರುಷಮೃಗವಾದರೋ ಪರಮ ಶಿವಭಕ್ತ: ಭೀಮನನ್ನು ಅಟ್ಟಿಸಿಕೊಂಡು ಬರುವಾಗಲೂ, ಹನುಮಂತ ಕೊಟ್ಟ ರೋಮ ಬಿದ್ದಲ್ಲೆಲ್ಲ ಲಿಂಗವೇಳುವುದನ್ನು ಕಂಡು, ಪೂಜಿಸದೆ ಮುಂದಡಿಯಿಡದ ಪ್ರಾಣಿ. ಇವುಗಳಲ್ಲಿ ಯಾವುದನ್ನು ಬೇಕಾದರೂ ಬಳಸಿಕೊಳ್ಳಬಹುದು.

ಪ್ರಾಸಾಕ್ಷರ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಧಕಾರ. ಅದರ ಹಿಂದೆ ಲಘುವಿರುವುದರಿಂದ ಇದು ಸಿಂಹಪ್ರಾಸ. ಕಾವಲಿಗೆ ಕುಳಿತವನ ಮೈಗೆ ತಕ್ಕುದೇ ಆಯಿತು. ಬೆಸ ಸಾಲುಗಳಿಗೆ 12, ಸರಿ ಸಾಲುಗಳಿಗೆ 20 ಮಾತ್ರೆ. ನಾಲ್ಕು ನಾಲ್ಕು ಮಾತ್ರೆಗಳ ಗಣಗಳಾಗಿ ಬಿಡಿಸಿದಾಗ, ಪ್ರತಿ ಅರ್ಧದ (ಎರಡು ಸಾಲಿನ) ಆರನೆಯ ಗಣ ಜಗಣವೋ (ಲಘು-ಗುರು-ಲಘು) ಸರ್ವಲಘುವೋ ಆಗಿರಬೇಕು. ಕೊಟ್ಟ ಸಾಲಿನಲ್ಲಿ ‘ರುಷಮೃಗ’ ಎಂಬ ನಾಲ್ಕು ಲಘುಗಳು ಆ ಸ್ಥಾನದಲ್ಲಿವೆ.

ವಿರಾಜಪೇಟೆಯಿಂದ:

ಬುಧನಾಂ ಬಲ್ಲೆನೆನುತ್ತುಂ
ಬುಧರಂ ಜರೆಯುತ್ತೆ ಬಂದೊಡೊಗಟಂ ಕೇಳ್ದಾ
ವಿಧದಿಂ ಗರ್ವಮನೊಯ್ದುದು
ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ

ತಾನೇ ಪಂಡಿತನೆಂದು ಬೀಗುತ್ತ ಬಂದವನ ಗರ್ವವನ್ನು ಒಗಟು ಕೇಳಿಯೇ ಕದ್ದ ಮೃಗವಿದು. ಥೀಬ್ಸ್‌ನ ಕತೆಯಿಂದ ಒಗಟನ್ನಷ್ಟೇ ತೆಗೆದುಕೊಂಡು, ಕೊಲೆಯನ್ನು ಅಲ್ಲಿಯೇ ಬಿಟ್ಟಿದ್ದೇನೆ.

ಸೋಮವಾರಪೇಟೆಯಿಂದ:

ವಿರಾಜಪೇಟೆ ಮೇಷ್ಟ್ರ ಪದ್ಯ ಸೊಗಸಾಗಿದೆ. ನನ್ನದು ನ್ಯಾಯಸಭೆಯ ದಾರಿ: ವಧೆಗೆ ಹೆದರಿದ ಕಳ್ಳ ಅರಸನ ಮುಂದೆ ಸುಳ್ಳಾಡುತ್ತಾನೆ.

ವಧೆಗಂಜುತ್ತಂ ಚೋರಂ
ವಿಧವಿಧದಿಂ ಪುಸಿದು ನುಡಿದನರಸಂಗಿಂತೀ
ಬುಧಸಭೆಯೊಳ್ ಕೇಳರಸನೆ
ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ

ಸಮಸ್ಯೆ ಕೊಟ್ಟವರು, ಮಡಿಕೇರಿ:

ಸೋಮವಾರಪೇಟೆಯ ಅಕ್ಕನವರ ಪದ್ಯದಲ್ಲಿ ಛಂದಸ್ಸು ಎಲ್ಲಿಯೂ ಕುಂಟುವುದಿಲ್ಲ, ‘ಗಡ’ ಎಂಬ ಅವ್ಯಯಕ್ಕೂ ಚಾಡಿಯ ಧಾಟಿ ಚೆನ್ನಾಗಿ ಕೂಡಿಬಂದಿದೆ. ಆದರೂ ಅಸಂಬದ್ಧವಾಗಿ ತೋರುವ ಸಾಲನ್ನು ಸುಳ್ಳುಗಾರನ, ಹುಚ್ಚನ ಅಥವಾ ಕನಸು ಕಂಡವನ ಬಾಯಿಗೆ ಹಾಕುವುದು ಸಮಸ್ಯೆಯನ್ನು ಬಿಡಿಸಿದಂತಲ್ಲ, ಅದರಿಂದ ನುಣುಚಿಕೊಂಡಂತೆ ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಯಾವ ಸಮಸ್ಯೆಯನ್ನಾದರೂ ಮೂರು ಸಾಲಿನಲ್ಲಿ ಮುಗಿಸಬಹುದು. ಮೃಗ ನಿಜವಾಗಿಯೂ ಕಳ್ಳನಾಗಬೇಕು, ಕಾವಲಿಗೂ ಕುಂದು ಬರಬಾರದು. ಸಾಲಿನಲ್ಲಿ ಒಂದು ಸಂದು ಬಿಟ್ಟಿದ್ದೇನೆ: ಅದು ಕಳ್ಳನೆಂದಿದೆಯೇ ವಿನಾ ಏನನ್ನು ಕದ್ದಿತೆಂದು ಹೇಳಿಲ್ಲ. ವಿರಾಜಪೇಟೆಯವರು ಒಳಹೊಕ್ಕದ್ದು ಆ ಸಂದಿನಿಂದಲೇ.

ಕುಶಾಲನಗರದಿಂದ:

ನಾನು ಮೃಗದ ಕೈಯಲ್ಲೇ ಹೊನ್ನನ್ನು ಕದಿಸಿದ್ದೇನೆ. ಪೂರ್ತಿ ಪದ್ಯ ಇನ್ನೂ ಕೂಡಿಬಂದಿಲ್ಲ. ಎರಡನೆಯ ಸಾಲನ್ನು ತಿದ್ದಿಕೊಡಬೇಕೆಂದು ಹಿರಿಯರಲ್ಲಿ ವಿನಂತಿ.

ವಿಧಿಯಂ ಬಯ್ಯುತ್ತುಂ ಪೊನ್ನೆಲ್ಲಮನೊಯ್ದಾ

ಸಮಸ್ಯೆ ಕೊಟ್ಟವರು, ಮಡಿಕೇರಿ:

ಒಟ್ಟು 20 ಮಾತ್ರೆ ಸರಿಯಾಗಿಯೇ ಇದೆ. ಬಿಡಿಸಿ ನೋಡಿ: ವಿಧಿಯಂ, ಬಯ್ಯುತ್, ತುಂ ಪೊನ್, ನೆಲ್ಲಮ, ನೊಯ್ದಾ. ಮೊದಲ ಸಾಲಿನ ಮೂರು ಗಣ ಸೇರಿಸಿ ಎಣಿಸಿದರೆ ‘ತುಂ ಪೊನ್’ ಆರನೆಯದಾಗುತ್ತದೆ. ಅಲ್ಲಿ ಎರಡು ಗುರು ಬಂದು ಕುಳಿತಿರುವುದರಿಂದ ಓಟ ತಡೆಯುತ್ತದೆ. ‘ವಿಧಿಯಂ ಬಯ್ಯುತ್ತೆ ಪೊನ್ನನೆಲ್ಲಮನೊಯ್ದಾ’ ಎಂದರೆ ‘ತೆ ಪೊನ್ನ’ ಜಗಣವಾಗಿ ಸಾಲು ತಾನಾಗಿ ಹರಿಯುತ್ತದೆ. ಅರ್ಥದ ಮಾತು ಬೇರೆ. ಕಾವಲುಗಾರನೇ ಹೊನ್ನನ್ನು ಹೊತ್ತೊಯ್ದರೆ ವಿರೋಧವೇ ಉಳಿಯುವುದಿಲ್ಲ, ಅದು ಬರಿಯ ಸುದ್ದಿಯಾಗುತ್ತದೆ. ಒಯ್ದದ್ದೇಕೆಂಬುದಕ್ಕೆ ಒಂದು ಕಾರಣ ಹುಡುಕಿ, ಪದ್ಯ ನಿಲ್ಲುತ್ತದೆ.

ಮಡಿಕೇರಿಯ ಇನ್ನೊಬ್ಬರಿಂದ:

ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರನ ಗುಡಿಯ ಮಗ್ಗುಲಲ್ಲೇ ಇರುವ ನನಗೆ ಪುರುಷಮೃಗವೆಂದರೆ ಮೊದಲು ನೆನಪಾಗುವುದು ಪೂಜೆ.

ಬುಧನುತನಂ ಪೂಜಿಸುತುಂ
ವಿಧಿಯಿಂದಂ ಬಿಲ್ವದಳಮನೊಲವಿಂದಿತ್ತಾ
ವಿಧುಮೌಳಿಯ ಬಗೆಗೊಂಡುದು
ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ

ಕುಬೇರ ಶಿವನ ಗೆಳೆಯ. ಗೆಳೆಯನ ಭಂಡಾರಕ್ಕೆ ಕಾವಲಿದ್ದುಕೊಂಡೇ ಈ ಮೃಗ ಶಿವನ ಮನಸ್ಸನ್ನು ಕದ್ದಿದೆ.

ಭಾಗಮಂಡಲದಿಂದ:

ಕುಧರದ ರೂಪಂ ತಳೆದುದು
ಮಧುವೆನೆ ಸವಿಯಪ್ಪ ಮುಗಿಲ ನೀರಂ ಕದ್ದಾ
ಸುಧೆಯಂ ಕಾವೇರಿಗೆ ಕುಡೆ
ನಿಧಿಯಂ ಕಾಯ್ವ ಪುರುಷಮೃಗಮೇ ಗಡ ಕಳ್ಳಂ

ಇಲ್ಲಿ ಪುರುಷಮೃಗ ಬ್ರಹ್ಮಗಿರಿಯ ರೂಪ ತಾಳಿದೆ. ಪಶ್ಚಿಮದ ಕಡಲಿನಿಂದ ಬರುವ ಮುಂಗಾರಿನ ಮೋಡಗಳನ್ನು ಅಡ್ಡಗಟ್ಟಿ, ಅವುಗಳ ನೀರನ್ನು ಕಿತ್ತುಕೊಂಡು ಕಾವೇರಿಗೆ ಕೊಡುತ್ತದೆ. ಆಟಿ ತಿಂಗಳಲ್ಲಿ ತ್ರಿವೇಣಿ ಸಂಗಮದ ನೀರು ಉಕ್ಕಿ ರಸ್ತೆಯ ಮೇಲೆ ಬಂದಾಗ, ಕಳವಿನ ಮಾಲು ತುಸು ಹೆಚ್ಚಾಯಿತೆಂದೂ ಅನಿಸುವುದುಂಟು.

ವಿರಾಜಪೇಟೆಯಿಂದ:

ಒಂದು ಆಕ್ಷೇಪಣೆ. ಮೋಡದ ನೀರು ಕುಬೇರನ ನಿಧಿಯಲ್ಲ. ಹಾಗಿರುವಾಗ ‘ನಿಧಿಯಂ ಕಾಯ್ವ’ ಎಂಬ ವಿಶೇಷಣ ಈ ಪದ್ಯದಲ್ಲಿ ಯಾವ ಕೆಲಸ ಮಾಡುತ್ತದೆ?

ಭಾಗಮಂಡಲದಿಂದ:

ಮೇಷ್ಟ್ರೇ, ಕಾವೇರಿ ಹುಟ್ಟುವ ತಲಕಾವೇರಿಯ ಕುಂಡಿಕೆಯನ್ನು (ಪುಟ್ಟ ಕೊಳವನ್ನು) ಮಡಿಲಲ್ಲಿಟ್ಟುಕೊಂಡು ಕಾಯುತ್ತಿರುವ ಬೆಟ್ಟವದು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ನೆರೆಯುವ ಜನರನ್ನು ಕೇಳಿದರೆ ಅದಕ್ಕಿಂತ ದೊಡ್ಡ ನಿಧಿ ಬೇರೊಂದಿಲ್ಲವೆನ್ನುತ್ತಾರೆ. ಕಾಯುವುದು ಕುಂಡಿಕೆಯನ್ನು, ಕದಿಯುವುದು ಮೋಡದಿಂದ, ಕೊಡುವುದು ಮತ್ತೆ ಆ ತಾಯಿಗೇ.

ವಿರಾಜಪೇಟೆಯಿಂದ:

ಹಾಗಾದರೆ ಆಕ್ಷೇಪಣೆಯನ್ನು ಹಿಂತೆಗೆದುಕೊಂಡೆ.

ಸಮಸ್ಯೆ ಕೊಟ್ಟವರು, ಮಡಿಕೇರಿ:

ನನ್ನ ಮೆಚ್ಚುಗೆ ಭಾಗಮಂಡಲದ ಪದ್ಯಕ್ಕೆ. ಬಿಲ್ವದ ಪದ್ಯ ನಡೆಯಲ್ಲಿ ಅದಕ್ಕಿಂತ ಹದವಾಗಿದ್ದರೂ, ಭಕ್ತ ದೇವರ ಮನಸ್ಸನ್ನು ಕದಿಯುವುದು ನಾವು ಹಲವು ಕಡೆ ಕೇಳಿದ ಮಾತು. ಬೆಟ್ಟ ಮೋಡವನ್ನು ದೋಚುವುದು ಈ ನೆಲದಲ್ಲಿ ಮಳೆ ನೋಡುತ್ತ ಕುಳಿತವರಿಗೆ ಮಾತ್ರ ಹೊಳೆಯುವಂಥದು.

ಮುಂದಿನ ಸಮಸ್ಯೆಯೂ ಇದೇ ಕಲ್ಪಿತ ಲೋಕದ್ದು, ಇದೇ ಛಂದಸ್ಸಿನದು. ಪ್ರಾಸಾಕ್ಷರ ಗಕಾರ, ಮತ್ತೆ ಸಿಂಹಪ್ರಾಸ. ಸುಳ್ಳುಗಾರರಿಗೂ ಕನಸುಗಾರರಿಗೂ ಈ ಸಲ ಪ್ರವೇಶವಿಲ್ಲ.

ಒಗಟಂ ಬಿಡಿಸಿದನೆ ಸೋಲ್ತನೇನಚ್ಚರಿಯೋ